ಲೆಹರಾ ಹಿಡಿದ ಅಕ್ಕೋರು

“ಅವರಿಗೆ ಹೆಸರಿನ ಆಸೆಯೇ ಇರಲಿಲ್ಲ.”

ಕಾಚಿಗೂಡದ ನಮ್ಮ ಕನ್ನಡ ಸಂಘದ ಹಾಲಿನಲ್ಲಿ ಮೊನ್ನೆ ಅಕ್ಕೋರ ಶ್ರದ್ಧಾಂಜಲಿ ಸಭೆ ನಡೆಯಿತು. ಏಳು ಜನ ಮಾತಾಡಿದರು, ಏಳೂ ಜನ ಈ ವಾಕ್ಯ ಹೇಳಿದರು. ಒಬ್ಬರು ಆಸೆ ಅಂದರು, ಒಬ್ಬರು ಮೋಹ ಅಂದರು, ನಿವೃತ್ತ ಪ್ರಾಧ್ಯಾಪಕರೊಬ್ಬರು ಇನ್ನೂ ಉದ್ದದ ಸಂಸ್ಕೃತ ಪದವೊಂದನ್ನು ತಂದರು. ಕೇಳುತ್ತ ಕೂತವರು ತಲೆದೂಗಿದರು.

ನಾನು ಕಾಲೇಜಿನ ಮೂರು ವರ್ಷವನ್ನು ಚರ್ಚಾಸ್ಪರ್ಧೆಗಳಲ್ಲೇ ಕಳೆದವಳು. ಏಳು ಸಾಕ್ಷಿಗಳು ಒಂದೇ ವಾಕ್ಯ ನುಡಿದರೆ, ಏಳೂ ಮಂದಿಗೆ ಯಾರೋ ಒಬ್ಬರೇ ಅದನ್ನು ಬಾಯಿಪಾಠ ಮಾಡಿಸಿದ್ದಾರೆ ಅಂತ ಅನುಮಾನ ಬರಬೇಕು. ನನಗೆ ಅನುಮಾನವೂ ಬರಲಿಲ್ಲ, ಯಾಕೆಂದರೆ ಆ ಒಬ್ಬರು ಯಾರು ಎನ್ನುವುದು ನನಗೆ ಗೊತ್ತು. ಅದಕ್ಕೆ ಆಮೇಲೆ ಬರುತ್ತೇನೆ. ಸದ್ಯಕ್ಕೆ ಇಷ್ಟು ಸಾಕು: ಅಕ್ಕೋರಿಗೆ ಆಸೆ ಇತ್ತು. ಅದರ ಅಳತೆಯನ್ನೂ ಅವರೇ ನನಗೆ ಹೇಳಿದ್ದರು. ಒಂದು ತಾಸು. ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಒಂದು ತಾಸು ತಬಲಾ ಸೋಲೊ.

ಉತ್ತರ ಕರ್ನಾಟಕದಲ್ಲಿ ಕಲಿಸುವ ಹೆಣ್ಣುಮಗಳನ್ನು ಅಕ್ಕೋರು ಅನ್ನುತ್ತಾರೆ. ಇವರು ಹಗಲು ಒಂದು ಖಾಸಗಿ ಶಾಲೆಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದರು, ಸಂಜೆ ನಮ್ಮಂಥವರಿಗೆ ತಬಲಾ ಹೇಳಿಕೊಡುತ್ತಿದ್ದರು. ಸ್ಟೇಶನ್ ಹಿಂದಿನ ಗಲ್ಲಿಯಲ್ಲಿ, ಲಾಡ್ಜಿನ ಪಕ್ಕದ ಹಳೆ ಕಟ್ಟಡದ ಮೊದಲ ಮಹಡಿಯಲ್ಲಿ ಎರಡು ಕೋಣೆ. ಬಾಗಿಲ ಚೌಕಟ್ಟಿಗೆ ದಾರದಲ್ಲಿ ಒಂದು ನೇಲ್ ಕಟ್ಟರ್ ತೂಗುತ್ತಿತ್ತು. ಒಳಗೆ ಬರುವ ಮುಂಚೆ ಹತ್ತೂ ಬೆರಳು ತೋರಿಸಬೇಕು. ಉಗುರು ಬೆಳೆದಿದ್ದರೆ ಅಲ್ಲೇ, ಚಪ್ಪಲಿಗಳ ನಡುವೆ ನಿಂತು ಕತ್ತರಿಸಿಕೊಳ್ಳಬೇಕು. ಒಮ್ಮೆ ನನ್ನನ್ನು ಕರೆದೊಯ್ಯಲು ಬಂದ ಅಪ್ಪನೂ ನಮ್ಮನ್ನು ನೋಡಿ ಕೈ ಚಾಚಿದ್ದ. ಅಕ್ಕೋರು ಗಂಭೀರವಾಗಿ ನೋಡಿ, “ಪಾಸ್, ಒಳಗ ಬರ್ರಿ” ಅಂದಿದ್ದರು.

ನಾವು ಬಾರಿಸುತ್ತಿದ್ದಾಗಲೇ ಸ್ಟೇಶನ್ನಿನಿಂದ ಮೂರು ಭಾಷೆಗಳಲ್ಲಿ ಘೋಷಣೆ ಬರುತ್ತಿತ್ತು. ರಾಯಚೂರಿನ ಕಡೆ ಹೋಗುವ ಗಾಡಿಯ ಹೆಸರು ಕಿವಿಗೆ ಬಿದ್ದರೆ ಸಾಕು, ನನ್ನ ಕೈ ತಪ್ಪುತ್ತಿತ್ತು, ಅಜ್ಜಿಯ ಊರು ಅಲ್ಲವೇ. ಅಕ್ಕೋರು ಕಣ್ಣು ತೆರೆಯದೆ ಹೇಳುತ್ತಿದ್ದರು: “ಗಾಡಿ ಹೊಂಟೈತಿ, ನೀ ಅಲ್ಲ. ಠೇಕಾ ಬಿಡಬ್ಯಾಡ.”

ಒಂಬತ್ತನೆಯ ವಯಸ್ಸಿಗೆ ಸೇರಿ ಹದಿಮೂರಕ್ಕೆ ಬಿಟ್ಟವಳು ನಾನು. ಬಿಡುವಾಗ ಕಾರಣಗಳನ್ನು ಒಂದು, ಎರಡು, ಮೂರು ಅಂತ ಎಣಿಸಿ ಒಪ್ಪಿಸಿದ್ದೆ. ಅವರು ಪೂರ್ತಿ ಕೇಳಿದರು. “ಹಿಂಗ ಬಾರಿಸಿದ್ರ ಎಷ್ಟು ಚಲೋ ಇತ್ತು,” ಅಂದರು. ಅವತ್ತಿನಿಂದ ಅವರ ಬಾಯಲ್ಲಿ ನಾನು ವಕೀಲವ್ವ.

ತಬಲಾ ಬಿಟ್ಟರೂ ಅವರ ಸಹವಾಸ ಬಿಡಲಿಲ್ಲ. ಸುಲ್ತಾನ್ ಬಜಾರಿನಲ್ಲಿ ನಮ್ಮದು ರವಿಕೆ ಬಟ್ಟೆಯ ಅಂಗಡಿ. ಉಳಿದ ತುಂಡುಗಳನ್ನು ಒಯ್ಯಲು ಅವರು ಎರಡು ತಿಂಗಳಿಗೊಮ್ಮೆ ಬರುತ್ತಿದ್ದರು. ತಬಲಾ ಅಲುಗದಂತೆ ಕೆಳಗಿಡುವ ಸಿಂಬಿಗಳನ್ನು ಕೈಯಾರೆ ಹೊಲಿಯುತ್ತಿದ್ದರು, ಪ್ರತಿ ವಿದ್ಯಾರ್ಥಿಗೂ ಬೇರೆ ಬಣ್ಣ. ಹುಡುಗರಿಗೆ ನೀಲಿ, ಹುಡುಗಿಯರಿಗೆ ಗುಲಾಬಿ ಮಾಡಿರಿ ಅಂತ ಯಾರದೋ ತಾಯಿ ಸೂಚಿಸಿದ್ದರಂತೆ. ಅಕ್ಕೋರು ಮುಂದಿನ ವಾರವೇ ಆಕೆಯ ಮಗನಿಗೆ ಜರಿಯಂಚಿನ ಗುಲಾಬಿ ಸಿಂಬಿ ಕೊಟ್ಟರು.

ಅವರ ಕೈಚೀಲದಲ್ಲಿ ಯಾವಾಗಲೂ ಒಂದು ಸಣ್ಣ ಸುತ್ತಿಗೆ. ತಬಲಾ ಶ್ರುತಿ ಮಾಡಲು ಬೇಕು. ಒಮ್ಮೆ ನಾನೂ ಅವರೂ ಮೆಟ್ರೋ ಹತ್ತಲು ಹೋದಾಗ ತಪಾಸಣೆಯವನು ಅದನ್ನು ಎತ್ತಿ ಹಿಡಿದ.

“ಅಮ್ಮಾ, ಯೇ ಕ್ಯಾ ಹೈ?”

“ತಬಲೇ ಕಾ ಹೈ ಬಾಬಾ.”

“ತಬಲಾ ಕೌನ್ ಬಜಾತೇ? ಸಾಬ್ ಬಜಾತೇ ಕ್ಯಾ?”

ಬಾರಿಸುವವರು ಗಂಡನೇ ಅಂತ ಅವನ ಪ್ರಶ್ನೆ, ಅಕ್ಕೋರಿಗೆ ಮದುವೆಯೇ ಆಗಿರಲಿಲ್ಲ. “ಸಾಬ್ ಕು ನಕ್ಕೋ ಬುಲಾ, ಮೈಚ್ ಬಜಾತೀ,” ಬಾರಿಸುವವಳು ನಾನೇ ಅಂದವರೇ ಚೀಲ ಇಡುವ ಪ್ಲಾಸ್ಟಿಕ್ ತಟ್ಟೆಯನ್ನು ಮಗುಚಿ ಹಾಕಿ ಅದರ ಮೇಲೆ ಶುರು ಮಾಡಿದರು. ಹಿಂದಿನ ಸಾಲು ಬೆಳೆಯಿತು. ಯಾರೂ ಬೈಯಲಿಲ್ಲ. ಕೊನೆಗೆ ಆ ಮನುಷ್ಯ ಸುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ. ರೈಲಿನಲ್ಲಿ ಕೂತ ಮೇಲೆ ಅಕ್ಕೋರು ಲೆಕ್ಕ ಹಾಕಿದರು: “ಮೂರು ನಿಮಿಷ ಬಾರಿಸಿದೆ ನೋಡು. ಈ ವರ್ಷದಾಗ ಮಂದಿ ಮುಂದ ನಾ ಬಾರಿಸಿದ್ದು ಇಷ್ಟಽ.”

ತಮಾಷೆಗೆ ಹೇಳಿದ್ದು. ಆದರೆ ಲೆಕ್ಕ ತಪ್ಪಿರಲಿಲ್ಲ.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಬೇಕು. ಅವರ ತಂದೆ ರೈಲ್ವೆಯಲ್ಲಿದ್ದರು. ಮಗಳು ಒಂಬತ್ತನೆಯ ವಯಸ್ಸಿಗೇ, ಫ್ರಾಕು ತೊಟ್ಟು, ಎರಡು ಜಡೆಗೆ ರಿಬ್ಬನ್ ಕಟ್ಟಿಕೊಂಡು ಈ ಊರಿನ ವೇದಿಕೆಗಳಲ್ಲಿ ಬಾರಿಸಿದವಳು. ಜನ ಕುರ್ಚಿ ಬಿಟ್ಟು ಮುಂದೆ ಬಂದು ನೋಡುತ್ತಿದ್ದರಂತೆ. ಹತ್ತೊಂಬತ್ತಾಗುವ ಹೊತ್ತಿಗೆ ಕೈ ಹತ್ತು ಪಟ್ಟು ಪಳಗಿತ್ತು, ಕರೆಗಳು ನಿಂತಿದ್ದವು. ಗಾಯಕರೊಬ್ಬರು ನೇರವಾಗಿಯೇ ಹೇಳಿದ್ದರು: “ಹೆಣ್ಣುಮಗಳು ಸಾಥಿಗೆ ಕುಂತ್ರ ಮಂದಿ ನನ್ನ ಕಡೆ ನೋಡೂದಿಲ್ಲವಾ.” ಇವರು “ನೋಡೂದು ಯಾಕ್ರಿ, ಕೇಳಾಕ ಹೇಳ್ರಿ” ಅಂದರು. ಆಮೇಲೆ ಅವರೂ ಕರೆಯಲಿಲ್ಲ.

ಕರೆದದ್ದು ಲೆಹರಾ ನುಡಿಸಲು. ತಬಲಾದವರು ಸೋಲೊ ಬಾರಿಸುವಾಗ ಪಕ್ಕದಲ್ಲಿ ಒಬ್ಬರು ಹಾರ್ಮೋನಿಯಂ ಮೇಲೆ ಒಂದು ಪುಟ್ಟ ಸಾಲನ್ನು ಮತ್ತೆ ಮತ್ತೆ ನುಡಿಸುತ್ತ ಕೂರಬೇಕು. ಅದೇ ಸಾಲು, ಅದೇ ನಡೆ, ತಾಸುಗಟ್ಟಲೆ. ತಬಲಾದವನು ಎಲ್ಲಿಗೆ ಹಾರಿಹೋದರೂ ತಿರುಗಿ ಬಂದು ಇಳಿಯುವುದು ಆ ಸಾಲಿನ ಮೊದಲ ಸ್ವರದ ಮೇಲೆಯೇ. ಇದು ಲೆಹರಾ. ಅದನ್ನು ಹಿಡಿದವರು ಮೈಮರೆಯುವಂತಿಲ್ಲ, ಮೆರೆಯುವಂತಂತೂ ಇಲ್ಲವೇ ಇಲ್ಲ. ತಬಲಾ ಬಲ್ಲವರೇ ನುಡಿಸಿದರೆ ತುಂಬ ಒಳ್ಳೆಯದು. ಹೀಗಾಗಿ ಮೂವತ್ತು ವರ್ಷ ಗಂಡಸರು ಸೋಲೊ ಬಾರಿಸಿದರು, ಅಕ್ಕೋರು ಲೆಹರಾ ಹಿಡಿದರು. ನಾನು ಒಮ್ಮೆ ವೇದಿಕೆಯ ಪಕ್ಕದಿಂದ ನೋಡಿದ್ದೇನೆ. ಎಡಗೈ ಗಾಳಿ ಹಾಕುತ್ತಿತ್ತು, ಬಲಗೈ ನುಡಿಸುತ್ತಿತ್ತು, ಸೀರೆಯ ಅಂಚಿನೊಳಗೆ ಕಾಲಬೆರಳುಗಳು ಮಾತ್ರ ಅತ್ತಿತ್ತ ಆಡುತ್ತಿದ್ದವು. ಬಾರಿಸುತ್ತಿದ್ದಾತ ಇನ್ನೂ ತಲುಪದ ತಿರುವನ್ನು ಅವು ಆಗಲೇ ದಾಟಿದ್ದವು.

“ಒಂಬತ್ತಕ್ಕ ನಾ ಪವಾಡ. ಹತ್ತೊಂಬತ್ತಕ್ಕ ಫಜೀತಿ. ಇಪ್ಪತ್ತೊಂಬತ್ತಕ್ಕ ಲೆಹರಾ,” ಅನ್ನುತ್ತಿದ್ದರು.

“ಮತ್ತ ಐವತ್ತಕ್ಕ?”

“ಗಂಡಸಿಗೆ ಐವತ್ತಾದ್ರ ಪಂಡಿತಜೀ ಅಂತಾರ. ನನಗ ಮೆಟ್ರೋದಾಗ ಸೀಟ್ ಬಿಟ್ಟುಕೊಡ್ತಾರ.”

ನಾನು ಎದುರು ವಾದ ಹೂಡುತ್ತಿದ್ದೆ. ಹುಡುಗಿ ಅಂತಲೇ ತಾನೇ ಒಂಬತ್ತನೇ ವಯಸ್ಸಿಗೆ ವೇದಿಕೆ ಸಿಕ್ಕಿದ್ದು? ಅದೇ ವಯಸ್ಸಿನ ಗಂಡುಹುಡುಗನಿಗೆ ರಿಬ್ಬನ್ನಿನ ಅನುಕೂಲ ಎಲ್ಲಿತ್ತು? ಅವರಿಗೆ ಸಿಟ್ಟು ಬರಲಿಲ್ಲ. “ಖರೇ ಐತಿ. ಆವಾಗೂ ನೋಡಾಕ ಬಂದ್ರು. ಆಮ್ಯಾಲೂ ನೋಡೇ ಬ್ಯಾಡಂದ್ರು.” ಹಾಗಾದರೆ ಪರದೆ ಹಾಕೋಣ, ಕಲಾವಿದರನ್ನು ಹಿಂದೆ ಕೂರಿಸಿ ಬರೀ ಕೇಳಿ ಆರಿಸೋಣ ಅಂದೆ. ನನ್ನ ಅತ್ಯುತ್ತಮ ವಾದ ಅದು, ಎಷ್ಟೋ ಸ್ಪರ್ಧೆಗಳಲ್ಲಿ ಚಪ್ಪಾಳೆ ತಂದದ್ದು. ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಪರದಾ! ಈ ಊರಾಗ! ನಮ್ಮನ್ನ ಪರದೆ ಹಿಂದ ಕೂಡ್ಸೂದು ನೀ ಹೊಸದಾಗಿ ಕಂಡಹಿಡದಿ ಏನು ವಕೀಲವ್ವ?”

ಆದರೂ ನಾನು ಒಂದು ಪ್ರಯೋಗ ಮಾಡದೆ ಬಿಡಲಿಲ್ಲ. ಅವರು ಬಾರಿಸಿದ್ದನ್ನು ಫೋನಿನಲ್ಲಿ ಹಿಡಿದು, ಹೆಸರು ಹೇಳದೆ ನಮ್ಮ ಸಂಘದ ಕಾರ್ಯದರ್ಶಿಗೆ ಕೇಳಿಸಿದೆ. ಕಾರ್ಯದರ್ಶಿ ಕಾಕಾ ಅಪ್ಪನ ಸ್ನೇಹಿತರು, ಸಗಟು ಬಟ್ಟೆ ವ್ಯಾಪಾರಿ, ಒಳ್ಳೆಯ ಮನುಷ್ಯ, ಸಂಗೀತ ಬಂದರೆ ಕಣ್ಣು ಮುಚ್ಚುವವರು. “ಭಲೇ! ಗಂಡಸಿನ ಕೈ ನೋಡ್ರಿ ಅದು, ಏನ ಜೋರು!” ಅಂದರು. ಗೆದ್ದೆ ಅಂತ ಓಡಿಹೋಗಿ ಅಕ್ಕೋರಿಗೆ ವರದಿ ಒಪ್ಪಿಸಿದೆ. ಅವರು ಸಿಂಬಿಗೆ ಹೊಲಿಗೆ ಹಾಕುತ್ತಿದ್ದರು, ತಲೆ ಎತ್ತಲಿಲ್ಲ. “ಇದನ್ನ ನಾ ಹೊಗಳಿಕಿ ಅಂತ ತಗೋಬೇಕೇನು?” ಅಂದರು.

ಮೂರು ವರ್ಷದ ಹಿಂದೆ, ಅಂಗಡಿಯಲ್ಲಿ ತುಂಡು ಆರಿಸುತ್ತ ಅವರು ಕೇಳಿದ್ದು ಇಷ್ಟು: “ನೀ ಈಗ ಸಂಘದ ಕಮೀಟಿಯೊಳಗ ಅದಿಯಲ್ಲ. ಈ ಸಲ ವಾರ್ಷಿಕೋತ್ಸವಕ್ಕ ಸೋಲೊ ನಾ ಬಾರಿಸ್ತೀನಿ ಅಂತ ಹೇಳು. ಒಂದು ತಾಸು ಬೇಕು, ಒಂದು ನಿಮಿಷ ಕಮ್ಮಿ ಬ್ಯಾಡ. ಲೆಹರಾಕ್ಕ ಯಾರನ್ನಾರ ಹುಡುಕ್ರಿ.”

ಆಗ ಅವರಿಗೆ ಐವತ್ತೆಂಟು. ನನಗೆ ಗೊತ್ತಿರುವಂತೆ ಯಾರನ್ನೂ ಏನನ್ನೂ ಕೇಳಿದ್ದಿಲ್ಲ. ಒಂದು ಹಸಿರು ತುಂಡನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಹೇಳಿದರು.

“ಆತಂತ ತಿಳ್ಕೋರಿ ಅಕ್ಕೋರಾ,” ಅಂದೆ. ಕಮಿಟಿಯಲ್ಲಿ ಯುವ ಪ್ರತಿನಿಧಿ ನಾನು, ಮಾತಿನಲ್ಲಿ ನನ್ನನ್ನು ಹಿಂದಿಕ್ಕುವವರು ಅಲ್ಲಿ ಯಾರಿದ್ದರು?

ಸಭೆಯಲ್ಲಿ ಅವರ ಹೆಸರು ಎತ್ತಿದೆ. ಯಾರೂ ಬೇಡವೆನ್ನಲಿಲ್ಲ. ಅದೇ ತೊಂದರೆ. ಬೇಡ ಅಂದರೆ ವಾದ ಮಾಡಬಹುದು. “ಭಾಳ ದೊಡ್ಡವರು ಅವರು,” ಅಂದರು ಒಬ್ಬರು. “ಆದ್ರ ಒಂದು ತಾಸು ಮಂದಿ ಕೂಡಬೇಕಲ್ಲವಾ,” ಅಂದರು ಕಾರ್ಯದರ್ಶಿ ಕಾಕಾ. ಹೊರಊರಿನ ಒಬ್ಬ ಯುವಕನ ಹೆಸರು ಬಂತು. ಚಂದದ ಕುರ್ತಾ, ಹಾರುವ ಕೂದಲು, ಫೋನಿನಲ್ಲಿ ಎಲ್ಲರೂ ನೋಡಿದವ. ಕೈಗಳು ಅವನ ಕಡೆ ಏಳತೊಡಗಿದವು. ನಾನು ಸೋಲುತ್ತಿದ್ದೆ.

ಸೋಲುವ ಪಕ್ಷದಲ್ಲಿ ನಿಂತು ಅಭ್ಯಾಸವಿಲ್ಲದವಳು ಏನು ಮಾಡುತ್ತಾಳೆ? ಪಕ್ಷ ಬದಲಿಸುತ್ತಾಳೆ. ಅಕ್ಕೋರ ಹತ್ತಿರ ಉಪ್ಪಲ್‌ನಿಂದ ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು. ಹದಿನಾರು ವರ್ಷ. ತಂದೆ ಯಾದಗಿರಿ ಕಡೆಯಿಂದ ಬಂದು ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುವವರು. ಹುಡುಗಿ ಚೆನ್ನಾಗಿ ಬಾರಿಸುತ್ತಿದ್ದಳು, ಅವಳ ಒಂದು ವಿಡಿಯೋ ಕೂಡ ಓಡಾಡುತ್ತಿತ್ತು. ನಾನು ಎದ್ದು ನಿಂತೆ. ಹುಡುಗಿ, ಸಣ್ಣ ವಯಸ್ಸಿನವಳು, ದುಡಿಯುವವರ ಮನೆಯವಳು. ಈ ವೇದಿಕೆ ಇಲ್ಲಿಯತನಕ ಬಿಟ್ಟ ಮೂರು ಬಗೆಯ ಜನರಿಗೆ ಒಂದೇ ಸಂಜೆಯಲ್ಲಿ ನ್ಯಾಯ ಸಿಗುತ್ತದೆ ಅಂದೆ. ಹಾಲ್ ಬೆಚ್ಚಗಾಯಿತು. ಕುರ್ತಾದ ಯುವಕ ಬಿದ್ದುಹೋದ.

“ಮತ್ತ ಅಕ್ಕೋರಿಗೆ ಬ್ಯಾಸರ ಆದ್ರ?” ಅಂತ ಕಾಕಾ ಕೇಳಿದರು. ಪಾಪ, ಅವರಿಗಾದರೂ ನೆನಪಾಯಿತು.

ನಾನು ಹೇಳಿದೆ: “ಅವರಿಗೆ ಹೆಸರಿನ ಆಸೆ ಇಲ್ರಿ ಕಾಕಾ. ಶಿಷ್ಯೆ ಬಾರಿಸಿದ್ರ ಅವರೇ ಬಾರಿಸಿದಂಗ.”

ವಾಕ್ಯ ಹುಟ್ಟಿದ್ದು ಅಲ್ಲಿ. ನನ್ನ ಬಾಯಿಂದ. ಎಲ್ಲರಿಗೂ ಎಷ್ಟು ಹಿಡಿಸಿತೆಂದರೆ, ಅವತ್ತೇ ಇಬ್ಬರು ಅದನ್ನು ತಾವೇ ಮೊದಲಿಂದ ಬಲ್ಲವರಂತೆ ಹೇಳಿಕೊಂಡು ಮನೆಗೆ ಹೋದರು.

ಮಾರನೆಯ ಸಂಜೆ ಅಕ್ಕೋರ ಮನೆಗೆ ಹೋದೆ. ಉಗುರು ತೋರಿಸಿದೆ. ಅವರು ತಬಲಾದ ಪಟ್ಟಿ ಬಿಗಿ ಮಾಡುತ್ತ, ಸುತ್ತಿಗೆಯಿಂದ ಸುತ್ತಲೂ ಸಣ್ಣಗೆ ಬಡಿಯುತ್ತ ಕೂತಿದ್ದರು. ಕಮಿಟಿ ಹುಡುಗಿಯನ್ನು ಆರಿಸಿದೆ ಅಂದೆ. ಬಡಿತ ಒಂದು ಸುತ್ತು ಪೂರ್ತಿಯಾಯಿತು.

“ನನಗ ಬ್ಯಾಡಾಗಿತ್ತು ಅಂತ ಯಾರ ಹೇಳಿದ್ರು?”

ನಾನು ಬೇಡ ಅನ್ನುವ ಶಬ್ದವನ್ನೇ ಬಳಸಿರಲಿಲ್ಲ. ಆದರೂ ಅವರಿಗೆ ತಿಳಿದಿತ್ತು. ಇಂಥ ಕಡೆ ಏನು ಹೇಳಿ ಮುಗಿಸುತ್ತಾರೆ ಎಂಬುದು ಮೂವತ್ತು ವರ್ಷದಿಂದ ಕೇಳಿ ಗೊತ್ತಿರಬೇಕು.

“ಎಲ್ಲಾರೂ ಹಂಗಽ ತಿಳ್ಕೊಂಡ್ರಿ,” ಅಂದೆ. ಜೀವನದಲ್ಲಿ ನಾನು ಮಂಡಿಸಿದ ಅತಿ ಚಿಕ್ಕ ವಾದ.

“ಹುಡುಗಿ ಹೆಂಗ ಅನ್ನೂದು ಎಲ್ಲಾ ಹೇಳಿದಿ? ಬಡವ್ರು, ಸಣ್ಣಾಕಿ, ಹೆಣ್ಣು ಅಂತ?”

“ಹೌದ್ರಿ.”

“ಆಕಿ ಕೈ ಹೆಂಗೈತಿ ಅಂತ ಒಬ್ಬರಾರ ಕೇಳಿದ್ರೇನು?”

ನೆನಪು ಮಾಡಿಕೊಂಡೆ. ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅಕ್ಕೋರು ತಬಲಾಕ್ಕೆ ಗವಸು ಹಾಕಿ ಎದ್ದರು. “ಇರಲಿ. ನಾಳಿಯಿಂದ ದಿನಾ ಬಾ ಅಂತ ಹೇಳು ಆಕೀಗೆ. ಮೂರು ವಾರ ಐತಿ. ಚಾ ಕುಡೀತಿ?” ಚಹಾದಲ್ಲಿ ಎಂದಿನಷ್ಟೇ ಶುಂಠಿ ಇತ್ತು. ನಾನು ಬೈಗುಳಕ್ಕೆ ತಯಾರಾಗಿ ಹೋಗಿದ್ದೆ, ಅವರು ಬಿಸ್ಕತ್ತು ಕೊಟ್ಟರು. ಬೈದಿದ್ದರೆ ಉತ್ತರ ಕೊಟ್ಟು ಹಗುರಾಗುತ್ತಿದ್ದೆ.

ವಾರ್ಷಿಕೋತ್ಸವದ ಸಂಜೆ ಹಾಲ್ ತುಂಬಿತ್ತು. ಹುಡುಗಿಯ ತಂದೆ ಇಸ್ತ್ರಿಯ ಗೆರೆ ಎದ್ದು ಕಾಣುವ ಅಂಗಿ ತೊಟ್ಟು, ಮುಂದೆ ಕರೆದರೂ ಬಾರದೆ, ಕೊನೆಯ ಸಾಲಿನಲ್ಲೇ ಕೂತಿದ್ದರು. ವೇದಿಕೆಯ ಮೇಲೆ ಹುಡುಗಿ, ಪಕ್ಕದಲ್ಲಿ ಹಾರ್ಮೋನಿಯಂ ಮುಂದೆ ತಿಳಿಬಣ್ಣದ ಕಾಟನ್ ಸೀರೆಯಲ್ಲಿ ಅಕ್ಕೋರು. ಲೆಹರಾಕ್ಕೆ ಬೇರೆ ಯಾರನ್ನಾದರೂ ಹುಡುಕುವುದು ಯಾರಿಗೂ ಹೊಳೆದಿರಲಿಲ್ಲ.

ಹುಡುಗಿ ಒಂದು ತಾಸು ಬಾರಿಸಿದಳು. ಒಂದು ನಿಮಿಷ ಕಮ್ಮಿ ಇಲ್ಲ. ನಾನು ತಬಲಾ ಬಿಟ್ಟವಳಾದರೂ ಕಿವಿ ಬಿಟ್ಟವಳಲ್ಲ. ಅದು ವಿಡಿಯೋದಲ್ಲಿದ್ದ ಚುರುಕು ಕೈಚಳಕವಲ್ಲ. ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಒಂದು ಸಣ್ಣ ಬೋಲನ್ನು, ಅಂದರೆ ತಬಲಾದ ನುಡಿಗಟ್ಟನ್ನು ಹಿಡಿದು, ಅದನ್ನೇ ತಿರುಗಿಸಿ, ಅರ್ಧ ಮಾಡಿ, ಅರ್ಧದೊಳಗಿನಿಂದ ಇನ್ನೊಂದನ್ನು ತೆಗೆದು, ಇನ್ನೇನು ಲೆಹರಾ ಕೈತಪ್ಪಿತು ಅನ್ನುವಾಗ ಮೊದಲ ಸ್ವರದ ಮೇಲೆ ಬಂದು ಕೂರುತ್ತಿತ್ತು. ಮುಗಿದಾಗ ಕಾರ್ಯದರ್ಶಿ ಕಾಕಾ ಮೊದಲು ಎದ್ದು ನಿಂತರು. ಅವರ ಬೆನ್ನಿಗೆ ನಾನು. ಆಮೇಲೆ ಇಡೀ ಹಾಲ್. “ಈ ವಯಸ್ಸಿಗೆ ಇಂಥಾ ಪಕ್ವತಾ!” ಅಂದರು ಕಾಕಾ ಮೈಕಿನಲ್ಲಿ. ಅಕ್ಕೋರು ಹಾರ್ಮೋನಿಯಂ ಮುಚ್ಚಿ ಕೊಕ್ಕೆ ಹಾಕಿದರು.

ಹುಡುಗಿಗೆ ಆಮೇಲೆ ಬೇರೆ ಊರುಗಳಿಂದ ಕರೆ ಬಂತು. ಅಕ್ಕೋರು ಮತ್ತೆ ಸೋಲೊದ ಮಾತು ಎತ್ತಲಿಲ್ಲ. ಮುಂದಿನ ವರ್ಷ ನಾನಾಗಿಯೇ ಕೇಳಿದೆ. “ಒಂದ್ಸಲ ಆತಲ್ಲ,” ಅಂದರು. ಏನು ಆಯಿತು ಅಂತ ನನಗೆ ಅರ್ಥವಾಗಲಿಲ್ಲ, ಶಿಷ್ಯೆಯ ಬಗ್ಗೆ ಹೇಳುತ್ತಿದ್ದಾರೆ ಅಂದುಕೊಂಡೆ. ಈ ವರ್ಷ ಒಂದು ವಾರದ ಜ್ವರದಲ್ಲಿ ಹೋಗಿಬಿಟ್ಟರು. ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಲು ಬಂದ ನರ್ಸಿಗೆ, “ಉಗುರು ಎಷ್ಟು ಬೆಳಸೀಯವಾ,” ಅಂದರಂತೆ.

ಮೊನ್ನೆಯ ಸಭೆಯ ಕೊನೆಗೆ ಆ ಹುಡುಗಿ ವರಾಂಡದಲ್ಲಿ ನನ್ನ ಪಕ್ಕ ಬಂದು ನಿಂತಳು. ಈಗ ಹತ್ತೊಂಬತ್ತು. ಏನು ನಡೆದಿದೆ ಅಂತ ಕೇಳಿದೆ. “ಕರೆ ಕಮ್ಮಿ ಆಗ್ಯಾವ್ರಿ ಅಕ್ಕಾ,” ಅಂದಳು, ನಕ್ಕೊಂಡೇ. “ಒಬ್ರು ಫೋನ್ ಮಾಡಿ, ಇನ್ನೂ ಸಣ್ಣ ಹುಡುಗಿ ಯಾರನ್ನಾರ ಹೇಳು ಅಂದ್ರು.” ಆಮೇಲೆ ಒಳಗಿನ ಮೈಕಿನ ಕಡೆ ಗದ್ದ ತೋರಿಸಿದಳು. “ಅಕ್ಕೋರಿಗೆ ಸ್ಟೇಜ್ ಆಸೆ ಇರಲಿಲ್ಲಂತ. ಖರೇನ್ರಿ?”

“ಸುಳ್ಳು,” ಅಂದೆ. “ನಾ ಹೇಳಿದ ಸುಳ್ಳು.” ಅಂಗಡಿ, ಕಮಿಟಿ, ಚಹಾ, ಎಲ್ಲ ಹೇಳಿದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

“ಅದಕ್ಕಽ ಹಂಗ ಮಾಡ್ಯಾರ,” ಅಂದಳು. ಆ ಮೂರು ವಾರ ಅಕ್ಕೋರು ಅವಳ ಹಳೆಯ ಪಾಠಗಳನ್ನೆಲ್ಲ ಪಕ್ಕಕ್ಕಿಟ್ಟರಂತೆ. ಟ್ರಂಕಿನಿಂದ ಒಂದು ನೋಟ್‌ಬುಕ್ ತೆಗೆದರಂತೆ. ಒಂದು ತಾಸಿನ ಸೋಲೊ, ಮೊದಲಿನಿಂದ ಕೊನೆಯತನಕ ಕಟ್ಟಿಟ್ಟದ್ದು. ಶಾಯಿ ಎಷ್ಟೋ ಸಲ ಬದಲಾಗಿತ್ತು. “ನನ್ನ ಅಳತಿಗೆ ಹೊಲದದ್ದು. ನಿನಗ ಒಂದೆರಡು ಕಡೆ ಬಿಗಿ ಮಾಡಿ ಕೊಡ್ತೀನಿ,” ಅಂದರಂತೆ. ಹುಡುಗಿಯ ಅಂಗೈ ಚಿಕ್ಕದು, ಎಡಗೈಯಲ್ಲಿ ಬಾರಿಸುವ ಡಗ್ಗಾದ ಮೇಲೆ ಎರಡು ಜಾಗ ಎಟುಕುತ್ತಿರಲಿಲ್ಲ. ಅಲ್ಲಿ ಮಾತ್ರ ಬದಲಿಸಿದರಂತೆ. ಉಳಿದದ್ದೆಲ್ಲ ಇದ್ದ ಹಾಗೇ. “ಅವತ್ತ ನಾ ಬಾರಿಸಿದ್ದು ನಂದಲ್ರಿ ಅಕ್ಕಾ. ಒಂದು ಬೋಲ್ ಸೈತ ನಂದಲ್ಲ.”

ಒಳಗೆ ಚಹಾ ಹಂಚುತ್ತಿದ್ದರು. ಕಾರ್ಯದರ್ಶಿ ಕಾಕಾ ಕಪ್ಪು ಹಿಡಿದು ಯಾರಿಗೋ ಆ ವಾರ್ಷಿಕೋತ್ಸವವನ್ನೇ ಬಣ್ಣಿಸುತ್ತಿದ್ದರು. ಹತ್ತಿರ ಹೋದೆ. ಹುಡುಗಿ ನನ್ನ ಹಿಂದೆಯೇ ಬಂದಳು.

“ಕಾಕಾ, ಅವತ್ತ ಮದಲ ಎದ್ದು ನಿಂತವ್ರು ನೀವು.”

“ಹೌದವಾ! ನನ್ನ ಹಿಂದ ನೀ. ಏನ ಬಾರಿಸಿದ್ಲು ಹುಡುಗಿ!”

“ಈಕಿ ಬಾರಿಸಿದ್ದು ಅಕ್ಕೋರ ಸೋಲೊ ಐತ್ರಿ. ತಾವು ಬಾರಿಸಬೇಕಂತ ಬರದಿಟ್ಟಿದ್ದು. ಆ ಒಂದು ತಾಸು ಅವರಽ ನನಗ ಕೇಳಿದ್ರು, ನಾ ಈಕಿ ಹೆಸರು ಹೇಳಿದೆ. ಅವರಿಗೆ ಆಸೆ ಇಲ್ಲ ಅಂದದ್ದೂ ನಾನಽ.”

ಕಾಕಾ ಹುಡುಗಿಯನ್ನು ನೋಡಿದರು, ಆಮೇಲೆ ನನ್ನನ್ನು. ಕಪ್ಪು ಬಸಿಯ ಮೇಲೆ ಇಳಿಯಿತು.

“ಒಂದು ಮಾತ ಕೇಳ್ತೀನ್ರಿ ಕಾಕಾ, ವಾದಕ್ಕಲ್ಲ. ಅದನ್ನಽ ಅಕ್ಕೋರು ಬಾರಿಸಿದ್ರ, ಐವತ್ತೆಂಟನೇ ವಯಸ್ಸಿಗೆ, ಅದೇ ಕಾಟನ್ ಸೀರ್ಯಾಗ ಕುಂತು, ಒಂದು ತಾಸು, ನಾವಿಬ್ರೂ ಎದ್ದು ನಿಲ್ತಿದ್ವೇನ್ರಿ?”